ಡಿಸೆಂಬರ್‌ನಲ್ಲಿ ಹುಟ್ಟಿದ ತಪ್ಪಿಗೆ

ಆಪ್ತಸಮಾಲೋಚನೆಗೆ ಬಂದವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಆರೋಪಿಯ ಹೆಸರು ಹೇಳಿಬಿಡುತ್ತಾರೆ. ಗಂಡನ ಸಿಟ್ಟು, ಹೆಂಡತಿಯ ಹಟ, ಮಗನ ಮೈಗಳ್ಳತನ. ಆರೋಪಿಗೆ ಎರಡು ಕಾಲು ಇರಲೇಬೇಕು. ‘ಇದಕ್ಕೆ ಶಾಲೆಯ ನಿಯಮದ ಒಂದು ಸಾಲೂ ಕಾರಣ ಇರಬಹುದು’ ಎಂದರೆ, ಶುಲ್ಕ ತೆಗೆದುಕೊಂಡು ನುಣುಚಿಕೊಳ್ಳುತ್ತಿದ್ದೇನೆ ಎಂಬಂತೆ ನನ್ನನ್ನು ನೋಡುತ್ತಾರೆ.

ಒಮ್ಮೆ ಆರು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಗಮನ ನಿಲ್ಲುವುದಿಲ್ಲ, ಬರವಣಿಗೆ ಸಾಲು ಬಿಟ್ಟು ಇಳಿಯುತ್ತದೆ, ಪಕ್ಕದವರನ್ನು ಕೆಣಕುತ್ತಾನೆ ಎಂದು ಶಾಲೆಯಿಂದ ಚೀಟಿ ಬಂದಿತ್ತು. ‘ಇದೆಲ್ಲ ಇವಳ ತಮ್ಮನ ಗುಣ’ ಎಂದರು ತಂದೆ. ‘ಇವರ ಮನೆಯಲ್ಲಿ ಯಾರು ಒಂದು ಕಡೆ ಕೂತಿದ್ದಾರೆ, ಹೇಳಲಿ’ ಎಂದರು ತಾಯಿ. ಅರ್ಧ ಗಂಟೆಯಲ್ಲಿ ಎರಡೂ ವಂಶಗಳ ಮೂರು ತಲೆಮಾರಿನ ದೋಷಪಟ್ಟಿ ಸಿದ್ಧವಾಯಿತು. ಗಮನ ನಿಲ್ಲದ ಆ ಹುಡುಗ ಅಷ್ಟೂ ಹೊತ್ತು ಮೇಜಿನ ಕೆಳಗೆ ಕೂತು, ನನ್ನ ಪೆನ್ಸಿಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ರೈಲು ಓಡಿಸುತ್ತಿದ್ದ.

ನಾನು ಅವನ ಜನ್ಮದಿನಾಂಕ ಕೇಳಿದೆ. ಶಾಲೆಗೆ ಸೇರಲು ವಯಸ್ಸು ತುಂಬಬೇಕಾದ ಗಡುವಿಗೆ ಒಂಬತ್ತು ದಿನ ಮೊದಲು ಹುಟ್ಟಿದ್ದ. ಅಂದರೆ, ಅದೇ ಬೆಂಚಿನಲ್ಲಿ ಅವನಿಗಿಂತ ಸುಮಾರು ಒಂದು ವರ್ಷ ದೊಡ್ಡ ಮಕ್ಕಳೂ ಇದ್ದರು. ನಮ್ಮ ವಯಸ್ಸಿನಲ್ಲಿ ಒಂದು ವರ್ಷ ಯಾವ ಲೆಕ್ಕ? ಆರು ವರ್ಷದವನಿಗೆ ಅದು ಈವರೆಗಿನ ಬದುಕಿನ ಆರನೇ ಒಂದು ಪಾಲು.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಈ ಗಡುವು ಡಿಸೆಂಬರ್ 31. ಅಲ್ಲಿನ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ಸಮಸ್ಯೆ) ಎಂಬ ಹಣೆಪಟ್ಟಿ ಬೀಳುವ ಸಂಭವ, ಜನವರಿಯಲ್ಲಿ ಹುಟ್ಟಿದವರಿಗಿಂತ ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗರಲ್ಲಿ ಶೇ 30ರಷ್ಟು, ಹುಡುಗಿಯರಲ್ಲಿ ಶೇ 70ರಷ್ಟು ಹೆಚ್ಚಿತ್ತು. ಮೆದುಳಿಗೆ ಕ್ಯಾಲೆಂಡರ್ ಗೊತ್ತಿಲ್ಲ, ಶಾಲೆಗೆ ಗೊತ್ತು. ನಾನು ವೈದ್ಯೆಯಲ್ಲ, ಎಡಿಎಚ್‌ಡಿ ನಿಜವಾಗಿಯೂ ಇರುವ ಮಕ್ಕಳಿದ್ದಾರೆ, ಅವರಿಗೆ ಚಿಕಿತ್ಸೆ ಬೇಕು. ಈ ಅಂಕಣ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು.

‘ಹಾಗಾದರೆ ತಪ್ಪು ಶಾಲೆಯದ್ದೇ’ ಎಂದು ತಂದೆ ತಟ್ಟನೆ ಎದ್ದುನಿಂತರು. ನನಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಇನ್ನೊಮ್ಮೆ ಹೇಳುತ್ತೇನೆ. ಆ ಶಿಕ್ಷಕಿಯನ್ನು ಬದಲಿಸಿ. ಹೊಸಬರ ಕಣ್ಣಿಗೂ ತರಗತಿಯ ಅತಿ ಚಿಕ್ಕ ಮಗುವೇ ಚಂಚಲವಾಗಿ ಕಾಣುವ ಸಾಧ್ಯತೆ ಹೆಚ್ಚು. ಗಡುವನ್ನು ಜೂನ್‌ಗೆ ತಳ್ಳಿ. ಮೇ ತಿಂಗಳ ಮಕ್ಕಳು ‘ಹಿಂದುಳಿಯುತ್ತಾರೆ’. ಯಾವುದೋ ಒಂದು ದಿನಾಂಕವಂತೂ ಬೇಕು, ಅದನ್ನು ಬರೆದವರಿಗೆ ನಿಮ್ಮ ಮಗನ ಮೇಲೆ ಹಗೆ ಇರಲಿಲ್ಲ. ಸಾಮಾಜಿಕ ಸಂಸ್ಥೆ ಎಂದ ಕೂಡಲೇ ಜನರಿಗೆ ಕಟ್ಟಡ, ಫಲಕ, ಅಧ್ಯಕ್ಷರು ನೆನಪಾಗುತ್ತಾರೆ. ನಾನು ಹೇಳುವ ಸಂಸ್ಥೆ, ಜಾಗದಲ್ಲಿ ಕೂತವರು ಬದಲಾದರೂ ಅದೇ ಫಲ ಕೊಡುತ್ತಾ ಹೋಗುವ ಏರ್ಪಾಡು. ಶಾಲೆ ಅಂಥದ್ದು, ಮದುವೆ, ಉದ್ಯೋಗಗಳೂ ಅಂಥವೇ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆ ಏರ್ಪಾಡು ತನ್ನ ಮಾತನ್ನು ನಿಜ ಮಾಡಿಕೊಳ್ಳುತ್ತದೆ. ಕೆನಡಾದ ದೊಡ್ಡ ಐಸ್ ಹಾಕಿ ಲೀಗ್‌ಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಆಟಗಾರರೇ ಹೆಚ್ಚೆಂದು 1985ರಲ್ಲಿ ಸಂಶೋಧಕರು ತೋರಿಸಿದರು. ಅಲ್ಲಿ ವಯೋಗುಂಪು ಶುರುವಾಗುವುದು ಜನವರಿ 1ರಿಂದ. ಮೈಕಟ್ಟಿನಲ್ಲಿ ಕೊಂಚ ಮುಂದಿದ್ದ ಹುಡುಗ ಆಯ್ಕೆಯಾಗುತ್ತಾನೆ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯಗಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಅವನು ನಿಜಕ್ಕೂ ಉತ್ತಮ ಆಟಗಾರ. ‘ಹುಟ್ಟು ಪ್ರತಿಭೆ’ ಎಂದು ಎಲ್ಲರೂ ಕೊಂಡಾಡುತ್ತಾರೆ. ‘ನೀನು ಮಂದ’ ಎಂದು ದಿನವೂ ಕೇಳಿಸಿಕೊಂಡ ಮಗುವಿಗೆ ಇದರ ಉಲ್ಟಾ.

ದಂಪತಿಗಳ ವಿಷಯದಲ್ಲೂ ನಾನು ಇದನ್ನೇ ನೋಡುತ್ತಿದ್ದೇನೆ. ಶಾಲೆ ಮಧ್ಯಾಹ್ನ ಬಿಡುತ್ತದೆ, ಕಚೇರಿ ಸಂಜೆ. ಮನೆಯಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ವೇಳಾಪಟ್ಟಿಗಳು ಇವು. ನಡುವಿನ ಆ ಮೂರು ಗಂಟೆಗಾಗಿ ಜಗಳವಾಡುತ್ತ ಬರುವ ಪ್ರತಿ ಜೋಡಿಗೂ ಇದು ತಮ್ಮ ಮನೆಯದೇ ರಗಳೆ. ನಾನೋ ಅವರ ಅರ್ಧ ವಾಕ್ಯವನ್ನು ಪೂರ್ತಿ ಮಾಡಬಲ್ಲೆ. ಕೊನೆಗೆ ಒಬ್ಬರು ಕೆಲಸ ಬಿಡುತ್ತಾರೆ, ಬಹುಮಟ್ಟಿಗೆ ಹೆಂಡತಿ. ಹತ್ತು ವರ್ಷದ ನಂತರ, ‘ಅವಳಿಗೆ ಮೊದಲಿನಿಂದಲೂ ಮಹತ್ವಾಕಾಂಕ್ಷೆ ಕಡಿಮೆ’ ಎಂಬ ಮಾತು ಬರುತ್ತದೆ. ಎಷ್ಟೋ ಸಲ ಆಕೆಯ ಬಾಯಿಂದಲೇ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಕೊಟ್ಟ ಉದಾಹರಣೆಯನ್ನು ನಾನು ಇಂಥವರಿಗೆ ಹೇಳುತ್ತೇನೆ. 1 ಲಕ್ಷ ಜನರ ಊರಿನಲ್ಲಿ ಒಬ್ಬನೇ ನಿರುದ್ಯೋಗಿಯಿದ್ದರೆ ಅವನ ಗುಣ, ಕೌಶಲ ನೋಡಿ. 5 ಕೋಟಿ ದುಡಿಯುವವರ ದೇಶದಲ್ಲಿ 1.5 ಕೋಟಿ ಜನರಿಗೆ ಕೆಲಸವಿಲ್ಲದಿದ್ದರೆ ಒಬ್ಬೊಬ್ಬರ ಗುಣ ಅಳೆದು ಏನು ಸಿಗುತ್ತದೆ?

ಈ ವಾದವನ್ನು ಕಲಿತು ಗುರಾಣಿ ಮಾಡಿಕೊಂಡವರೂ ಇದ್ದಾರೆ. ‘ಮೇಡಂ, ನಾನು ಪುರುಷಪ್ರಧಾನ ವ್ಯವಸ್ಥೆಯ ಕೂಸು’ ಎಂದು ಓದಿಕೊಂಡ ಮಹನೀಯರೊಬ್ಬರು ವಿನಯದಿಂದ ಒಪ್ಪಿಕೊಂಡಾಗ, ಪಕ್ಕದಲ್ಲಿದ್ದ ಹೆಂಡತಿ, ‘ತಟ್ಟೆ ತೊಳೆಯುವುದಕ್ಕೆ ವ್ಯವಸ್ಥೆ ಅಡ್ಡ ಬಂದಿಲ್ಲ’ ಎಂದರು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ. ಕೈ ಎತ್ತುವವನ ಕೈಗೆ ಯಾವ ಸಂಸ್ಥೆಯೂ ಹೊಣೆಯಲ್ಲ.

ರೈಲಿನ ಹುಡುಗನ ವಿಷಯಕ್ಕೆ ಬಂದರೆ, ತಜ್ಞ ವೈದ್ಯರ ತಪಾಸಣೆಗೆ ಕಳಿಸಿದೆ. ಆರು ತಿಂಗಳು ಕಾದು ನೋಡೋಣ ಎಂದರು. ಶಿಕ್ಷಕಿ ಹಾಜರಿ ಪುಸ್ತಕದಲ್ಲಿ ಹೆಸರುಗಳ ಮುಂದೆ ಹುಟ್ಟಿದ ತಿಂಗಳು ಬರೆದುಕೊಂಡು, ತಾವು ‘ಚಂಚಲ’ ಎಂದು ಗುರುತಿಸಿದ್ದ ಮಕ್ಕಳನ್ನು ತಾವೇ ಮತ್ತೊಮ್ಮೆ ನೋಡಿದರು. ಅವನ ಅಕ್ಷರ ಈಗಲೂ ಸಾಲು ಬಿಟ್ಟು ಇಳಿಯುತ್ತದೆ, ಮೊದಲಿನಷ್ಟಲ್ಲ. ಅಂದು ಹೊರಡುವಾಗ ಪೆನ್ಸಿಲ್‌ಗಳನ್ನು ಎಣಿಸಿ ವಾಪಸ್ ಕೊಟ್ಟಿದ್ದ, ಒಂದನ್ನು ಬಿಟ್ಟು. ಅದು ಎಂಜಿನ್ ಅಂತೆ.