ಗುಂಯ್ ಅಂದರೆ ಕ್ರೌನು, ಗುರ್ ಅಂದರೆ ಬೇರಿಂಗು

ಚಿಕ್ಕಪ್ಪನ ಪಿಕಪ್ಪಿನಲ್ಲಿ ಸೌಂಡ್ ಶುರುವಾಗಿದ್ದು ಮಳೆಗಾಲ ಮುಗಿದ ಮೇಲೆ. ತೀರ್ಥಹಳ್ಳಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಶಿವಮೊಗ್ಗಕ್ಕೆ ಹೊರಟರೆ ಮಂಡಗದ್ದೆ ಬರುವಷ್ಟರಲ್ಲಿ ಹಿಂದಿನಿಂದ ಗುರ್ ಎನ್ನುವ ಸದ್ದು. ಗ್ಯಾರೇಜೊಂದರಲ್ಲಿ ಒಂದು ರೌಂಡ್ ಓಡಿಸಿ ನೋಡಿದರು. ‘ಕ್ರೌನ್ ಹೋಗಿದೆ, ಹೌಸಿಂಗ್ ಸಮೇತ ಬದಲಿಸಿಬಿಡಿ’ ಅಂದರು. ಗುಜರಿಯಿಂದ ಹಳೆಯ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಇಡೀ ಅಚ್ಚು, ಹೌಸಿಂಗ್ ಎಂಬ ಕವಚದ ಸಮೇತ ಬಂತು, ಕೂರಿಸಿದ್ದೂ ಆಯಿತು. ಗುರ್ ನಿಂತಿತು. ಅದರ ಜಾಗದಲ್ಲಿ ಗುಂಯ್ ಶುರುವಾಯಿತು!

ಈ ಎರಡು ಸದ್ದಿಗೂ ಲೆಕ್ಕ ಇದೆ. ಇಂಜಿನ್ ಕಡೆಯಿಂದ ಬರುವ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಗೇರ್ ಇರುತ್ತದೆ. ಅದು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನಿಗೆ 37 ಹಲ್ಲು ಎಂದುಕೊಳ್ಳಿ. ಟೈರಿನ ಸುತ್ತಳತೆ 2.1 ಮೀಟರ್ ಇದ್ದರೆ, 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 7.94 ಸುತ್ತು ಹಾಕುತ್ತದೆ. ಕ್ರೌನ್ ಕೂಡ ಚಕ್ರದ ಜೊತೆಗೇ ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 294 ಸಲ ಒಂದು ಹಲ್ಲು ತನ್ನ ಭಾರವನ್ನು ಮುಂದಿನ ಹಲ್ಲಿಗೆ ದಾಟಿಸುತ್ತದೆ. ಹಲ್ಲು ಸವೆದಿದ್ದರೆ ಪ್ರತಿ ದಾಟುವಿಕೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆತ. ಸೆಕೆಂಡಿಗೆ 294 ಎಳೆತ ಸೇರಿದರೆ ಅದೊಂದು ಸ್ವರ. ಹಾರ್ಮೋನಿಯಂನಲ್ಲಿ ಬಿಳಿ ಎರಡು ಅಂತಾರಲ್ಲ, ಹೆಚ್ಚುಕಡಿಮೆ ಅದೇ! ಭಾಗವತರು ಬೇಕಾದರೆ ಶ್ರುತಿ ಹಿಡಿಯಬಹುದು.

ಚಕ್ರದ ಬೇರಿಂಗಿನದು ಬೇರೆ ಲೆಕ್ಕ. ಹೊರಗಿನ ಉಂಗುರ ನಿಂತಿರುತ್ತದೆ, ಒಳಗಿನದು ತಿರುಗುತ್ತದೆ, ನಡುವೆ ಗುಂಡುಗಳು ಉರುಳುತ್ತವೆ. ಹಾಗಾಗಿ ಚಕ್ರ ಒಂದು ಸುತ್ತು ಬರುವಾಗ ಗುಂಡುಗಳ ಸಾಲು ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ, ಸುಮಾರು 0.4 ಸುತ್ತು ಹೋಗುತ್ತದೆ. ಹೊರ ಉಂಗುರದಲ್ಲಿ ಒಂದು ಗುಳಿ ಬಿದ್ದಿದೆ, ಗುಂಡು 9 ಇವೆ ಅನ್ನಿ. ಅದೇ 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 29 ಸಲ ಗುಂಡು ಆ ಗುಳಿಗೆ ಬಡಿಯುತ್ತದೆ. ಇಷ್ಟು ನಿಧಾನವಾದರೆ ಕಿವಿಗೆ ರಾಗ ಸಿಗುವುದಿಲ್ಲ, ಗುರುಗುಟ್ಟಿದ ಹಾಗೆ ಕೇಳುತ್ತದೆ.

ಆಕ್ಸಿಲೇಟರ್ ಒತ್ತಿದಾಗ ಹಲ್ಲಿನ ಒಂದು ಮುಖದ ಮೇಲೆ ಭಾರ, ಬಿಟ್ಟಾಗ ಇನ್ನೊಂದು ಮುಖದ ಮೇಲೆ. ಆದ್ದರಿಂದ ಗುಂಯ್ ಅನ್ನುವುದು ಕಾಲು ಎತ್ತಿದರೆ ಬದಲಾಗುತ್ತದೆ. ಚಕ್ರದ ಬೇರಿಂಗಿಗೆ ಕಾಲಿನ ಹಂಗು ಅಷ್ಟಾಗಿ ಇಲ್ಲ. ಅದು ಭಾರ ಯಾವ ಕಡೆ ವಾಲಿತು ಎಂದು ನೋಡುತ್ತದೆ. ಇದನ್ನು ಪರೀಕ್ಷೆ ಮಾಡಲು ಆಗುಂಬೆ ಘಾಟಿಗಿಂತ ಒಳ್ಳೆಯ ಜಾಗ ಬೇಕಾ? 14 ತಿರುವು. ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗನ್ನೇ ಮೊದಲು ಅನುಮಾನಿಸಬೇಕು. ಇನ್ನು ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದ ಕೂಡಲೇ ಸದ್ದು ಬದಲಾದರೆ ಅದು ಬರೀ ಟೈರು, ಸುಮ್ನೆ ಏನನ್ನೂ ಬಿಚ್ಚಬೇಡಿ.

ಬಿಚ್ಚಿಸಿದ ನಮ್ಮ ಆಕ್ಸಲ್ಲನ್ನು ಚಿಕ್ಕಪ್ಪ ಪುಣ್ಯಕ್ಕೆ ಮಾರಿರಲಿಲ್ಲ. ಕೊಟ್ಟಿಗೆಯಲ್ಲಿ ಅಡಿಕೆ ಸೋಗೆಯ ಅಡಿ ಬಿದ್ದಿತ್ತು. ಅದನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದೆವು. ಅಲ್ಲಿನ ಮೇಸ್ತ್ರಿ ಮೊದಲು ಡ್ರೈನ್ ಬೋಲ್ಟ್ ತೆಗೆದರು. ಗಂಧಕದ ವಾಸನೆಯ ಎಣ್ಣೆ ಬಂತು. ಆ ವಾಸನೆ ಇರಲೇಬೇಕು, ಯಾಕೆಂದರೆ ಇಲ್ಲಿ ಹಲ್ಲುಗಳು ಉರುಳುವುದರ ಜೊತೆ ಜಾರುತ್ತವೆ. ಲೋಹ ಲೋಹಕ್ಕೆ ಅಂಟದಂತೆ ಕಾಯುವುದು ಗಂಧಕ, ರಂಜಕ ಸೇರಿದ ಎಣ್ಣೆ. ಆದರೆ ಬಣ್ಣ ಮಾತ್ರ ಹಾಲು ಹಾಕಿದ ಕಾಫಿಯದು. ಅಂದರೆ ನೀರು ಸೇರಿತ್ತು.

ನೀರು ಹೋಗಿದ್ದು ಹೇಗೆ? ಭಾರ ಹೊತ್ತು ಓಡಿದ ಹೌಸಿಂಗ್ 80 ಡಿಗ್ರಿ ಬಿಸಿಯಾಗಿದೆ ಅನ್ನಿ. ಹಾಗೇ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ 30 ಡಿಗ್ರಿಗೆ ತಣ್ಣಗಾಗುತ್ತದೆ. ಗಾಳಿಯಾಡುವ ಬ್ರೀದರ್ ಕೆಸರು ಮೆತ್ತಿಕೊಂಡು ಮುಚ್ಚಿದ್ದರೆ ಒಳಗಿನ ಒತ್ತಡ ಏಳರಲ್ಲಿ ಒಂದು ಪಾಲು ಇಳಿಯುತ್ತದೆ. ಆಮೇಲೆ ಎಣ್ಣೆ ಸೋರದಂತೆ ತಡೆಯುವ ಸೀಲಿನ ಅಂಚಿನಿಂದ ಹೌಸಿಂಗ್ ನೀರು ಹೀರಿಕೊಳ್ಳುತ್ತದೆ. ಮಲೆನಾಡಿನಲ್ಲಿ ಆಷಾಢದ ತುಂಬ ಇದೇ ಕಥೆ ಅಲ್ವಾ? ನೀರು ಸೇರಿದ ಎಣ್ಣೆಯಲ್ಲಿ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಚುಕ್ಕೆ ಗುಳಿಯಾಗುತ್ತದೆ.

ಮೇಸ್ತ್ರಿ ಕ್ರೌನ್ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರು. ಪಿನಿಯನ್ ತಾಗಿದ ಗುರುತು ಹಲ್ಲಿನ ನಡುವೆಯೇ ಬಿತ್ತು. ಕ್ರೌನ್ ಗಟ್ಟಿ! ಹೋಗಿದ್ದು ಬಲಗಡೆಯ ಒಂದು ಬೇರಿಂಗ್ ಮಾತ್ರ. ಗುಜರಿಯಿಂದ ತಂದಿದ್ದರಲ್ಲಿ ಬೇರಿಂಗ್ ಚೆನ್ನಾಗಿತ್ತು, ಕ್ರೌನ್ ಸವೆದಿತ್ತು. ಅದರ ಕ್ರೌನ್ ತೆಗೆದು ಇದರದ್ದು ಹಾಕೋಣ ಎಂದು ಚಿಕ್ಕಪ್ಪ ಹೊರಟರು. ಮೇಸ್ತ್ರಿ ತಡೆದು, ‘ಕ್ರೌನ್ ಪಿನಿಯನ್ ಗಂಡ ಹೆಂಡ್ತಿ ಇದ್ದಂಗೆ, ಒಂದನ್ನೇ ಕರ್ಕೊಂಡು ಬರೋಕಾಗಲ್ಲ’ ಎಂದರು. ಕಾರ್ಖಾನೆಯಲ್ಲಿ ಅವೆರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿರುತ್ತಾರೆ.

ಹಳೇ ಬೇರಿಂಗನ್ನು ಹಿಡಿದಿದ್ದ ಕಾಲರ್ ಎಂಬ ಉಂಗುರವನ್ನು ಗ್ರೈಂಡರಿನಲ್ಲಿ ಅರ್ಧ ಕುಯ್ದು, ಉಳಿಯಿಂದ ಒಂದೇ ಪೆಟ್ಟಿಗೆ ಸೀಳಿದರು. ಗ್ಯಾಸ್ ಕಟರ್ ಹಿಡಿಯಲಿಲ್ಲ; ಬಿಸಿ ತಗುಲಿದರೆ ಚಕ್ರದ ಶಾಫ್ಟಿನ ಹದ ಕೆಡುತ್ತದೆ. ಹೊಸದನ್ನು ಕೂರಿಸಿದ್ದು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ. ಸುತ್ತಿಗೆಯಿಂದ ಬಡಿದಿದ್ದರೆ ಗುಂಡು ಉರುಳುವ ದಾರಿಯಲ್ಲಿ ಮೊದಲ ದಿನವೇ ಗುಳಿ ಬೀಳುತ್ತಿತ್ತು. ಹೊಸ ಸೀಲು, ಹೊಸ ಎಣ್ಣೆ ಹಾಕಿ ನಮ್ಮ ಆಕ್ಸಲ್ಲನ್ನೇ ಗಾಡಿಗೆ ವಾಪಸ್ ಕಟ್ಟಿದೆವು.

ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಡಿಯ ಎತ್ತರಕ್ಕೆ ಏರಿಸಿ ಕಟ್ಟಿದ್ದೇವೆ. ಗುಜರಿಯ ಆಕ್ಸಲ್ ಈಗ ಕೊಟ್ಟಿಗೆಯಲ್ಲಿ, ಸೋಗೆಯ ಅಡಿ.