ಭಾನುವಾರದ ಪಾರ್ಕು, ಸೋಮವಾರದ ಒಪಿಡಿ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಕ್ಲಿನಿಕ್ಕಿನ ಸೋಮವಾರ ಬೇರೆಯೇ ಇರುತ್ತದೆ. ಕೆಮ್ಮು, ನೆಗಡಿಯ ಮಾಮೂಲಿ ಸಾಲಿನ ನಡುವೆ ಮೂರ್ನಾಲ್ಕು ಮಕ್ಕಳು ಕೈಗೆ ಕಾಗದದ ಪಟ್ಟಿ ಕಟ್ಟಿಕೊಂಡೇ ಬಂದಿರುತ್ತಾರೆ. ಹಿಂದಿನ ದಿನ ಅಮ್ಯೂಸ್‌ಮೆಂಟ್ ಪಾರ್ಕಿನ ಗೇಟಿನಲ್ಲಿ ಹಾಕಿದ್ದು. ರಾತ್ರಿ ಮಲಗುವಾಗಲೂ ಬಿಚ್ಚಲು ಬಿಟ್ಟಿಲ್ಲ. ಒಬ್ಬನಿಗೆ ಜ್ವರ, ಒಬ್ಬಳಿಗೆ ಕಿವಿನೋವು, ಇನ್ನೊಂದು ಮಗುವಿಗೆ ವಾಂತಿ ನಿಂತಿಲ್ಲ.

“ಡಾಕ್ಟ್ರೇ, ನಿನ್ನೆ ತುಂಬಾ ಚೆನ್ನಾಗಿದ್ದ. ಬೆಳಗ್ಗೆ ಗೇಟ್ ತೆಗೆದಾಗ ಒಳಗೆ ಹೋದವರು ಮುಚ್ಚುವ ಹೊತ್ತಿಗೆ ಹೊರಗೆ ಬಂದ್ವಿ. ಒಂದೂ ಬಿಟ್ಟಿಲ್ಲ.”

ಯಾವ ಪಾರ್ಕು ಅನ್ನುವುದು ಇಲ್ಲಿ ವಿಷಯವಲ್ಲ. ಆ “ಒಂದೂ ಬಿಟ್ಟಿಲ್ಲ” ಅನ್ನುವ ಮಾತು ಮಾತ್ರ ವಿಷಯ. ಅಜ್ಜಿ ತಾತನೂ ಸೇರಿ ಐದಾರು ಟಿಕೆಟ್, ಗಾಡಿ ಖರ್ಚು, ಊಟ ಅಂತ ಲೆಕ್ಕ ಹಾಕಿದರೆ ಸಣ್ಣ ಮೊತ್ತವಲ್ಲ. ದುಡ್ಡು ವಸೂಲಿಯಾಗಬೇಕು ಅನ್ನಿಸುವುದು ಸಹಜ. ಅದರಲ್ಲಿ ತಪ್ಪು ಹುಡುಕಲು ನಾನು ಈ ಅಂಕಣ ಬರೆಯುತ್ತಿಲ್ಲ. ಆದರೆ ಆ ವಸೂಲಿಯ ಭಾರ ಹೊರುವುದು ಮೂರು ವರ್ಷದ ಮೈ, ಅಷ್ಟು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಐದು ವರ್ಷದೊಳಗಿನ ಮಗುವಿಗೆ ಪಾರ್ಕು ಅಂದರೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಇಷ್ಟು ವರ್ಷ ಮಕ್ಕಳನ್ನು ನೋಡಿದ ಮೇಲೆ ನಾನು ಕಂಡುಕೊಂಡ ಲೆಕ್ಕ ಇದು.

ಬಿಡದಿಯ ಹತ್ತಿರ ವಂಡರ್‌ಲಾ ಶುರುವಾಗಿದ್ದು 2005ರಲ್ಲಿ. ಆಗ ಕಾಲೇಜಿನ ಗೆಳೆಯರ ಜೊತೆ ಹೋಗಿ ಕತ್ತಲಾಗುವವರೆಗೆ ಕುಣಿದವರು ಈಗ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಾರೆ. ಅವರ ಮನಸ್ಸಿನಲ್ಲಿರುವುದು ಆಗಿನ ಪಾರ್ಕು. ಮಗುವಿನ ಪಾರ್ಕು ಬೇರೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದರವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಬರುತ್ತದೆ. ಆ ನಿದ್ದೆ ತಪ್ಪಿದ ಮಗು ಮೂರು ಗಂಟೆಯ ಹೊತ್ತಿಗೆ ರಚ್ಚೆ ಹಿಡಿದರೆ ಅದು ಹಟವಲ್ಲ. “ಇಷ್ಟು ದುಡ್ಡು ಕೊಟ್ಟು ಕರ್ಕೊಂಡು ಬಂದ್ರೆ ಅಳ್ತೀಯಾ” ಅಂತ ಬೈದು ಪ್ರಯೋಜನವಿಲ್ಲ. ನೆರಳಿರುವ ಜಾಗ ಹುಡುಕಿ, ತೊಡೆಯ ಮೇಲೆ ಒಂದು ಗಂಟೆ ಮಲಗಿಸಿ.

ಹೊರಡುವ ಮೊದಲು ಮನೆಯಲ್ಲೇ ಮಾಡಬೇಕಾದ ಒಂದು ಕೆಲಸ ಇದೆ. ಗೋಡೆಗೆ ನಿಲ್ಲಿಸಿ ಮಗುವಿನ ಎತ್ತರ ಅಳೆಯಿರಿ. ನಮ್ಮ ಪಾರ್ಕುಗಳಲ್ಲಿ ಟಿಕೆಟ್ಟಿಗೂ ರೈಡಿಗೂ ಎತ್ತರವೇ ಲೆಕ್ಕ, ವಯಸ್ಸಲ್ಲ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇದ್ದ ಮಗು ನಾಲ್ಕು ವರ್ಷಕ್ಕೆ ಅದರ ಎರಡರಷ್ಟು, ಅಂದರೆ 100ರ ಆಸುಪಾಸು ಬರುತ್ತದೆ. ಆ ಎತ್ತರಕ್ಕೆ ದೊಡ್ಡ ರೈಡುಗಳು ಸಿಗುವುದಿಲ್ಲ. ಇದನ್ನು ಮನೆಯಲ್ಲೇ ಹೇಳಿಬಿಡಿ. “ಇದು, ಇದು ನಿಂದು. ಅದು ಅಣ್ಣಂದು. ನೀನೂ ಅಷ್ಟುದ್ದ ಆದ್ಮೇಲೆ ಹೋಗೋಣ.” ಸಾಲಿನಲ್ಲಿ ಅರ್ಧ ಗಂಟೆ ನಿಂತು, ಅಳತೆ ಕೋಲಿನ ಹತ್ತಿರ ಹೋದ ಮೇಲೆ ಇಲ್ಲ ಅನ್ನಿಸಿಕೊಂಡ ಮಗುವಿನ ಮುಖ ನೋಡಲಾಗುವುದಿಲ್ಲ.

ಆ ಅಳತೆ ಕೋಲಿನ ಹತ್ತಿರ ನಡೆಯುವ ಜಗಳವನ್ನೂ ನಾನು ನೋಡಿದ್ದೇನೆ. “ಎರಡು ಬೆರಳು ಕಮ್ಮಿ ಅಷ್ಟೇ ಅಲ್ವಾ, ಬಿಡಪ್ಪ, ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ.” ಕೆಲವರು ದಪ್ಪ ಅಡಿಯ ಶೂ ಹಾಕಿಸಿ ಕರೆತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಎರಡು ಬೆರಳಿನ ಅರ್ಥ ಏನು ಅಂತ ಹೇಳುತ್ತೇನೆ ಕೇಳಿ.

ರೈಡಿನಲ್ಲಿ ಕೂತ ಮೇಲೆ ತೊಡೆಯ ಮೇಲೆ ಒಂದು ಕಂಬಿ ಬಂದು ಕೂರುತ್ತದಲ್ಲ, ಅದು ಹಿಡಿಯಬೇಕಾದದ್ದು ತೊಡೆ ಮತ್ತು ಸೊಂಟದ ಮೂಳೆಯನ್ನು. ಎಳೆ ಮಗುವಿನ ಸೊಂಟದ ಮೂಳೆಗೆ ಇನ್ನೂ ಆ ಆಕಾರ ಬಂದಿರುವುದಿಲ್ಲ. ಕಂಬಿ ಜಾರಿ ಹೊಟ್ಟೆಯ ಮೇಲೆ ಬರುತ್ತದೆ, ಇಲ್ಲವೇ ಮಗುವೇ ಅದರ ಕೆಳಗೆ ನುಸುಳುತ್ತದೆ. ಅಪ್ಪ, ಮಗು ಇಬ್ಬರಿಗೂ ಸೇರಿ ಒಂದೇ ಕಂಬಿ ಇದ್ದರೆ ಇನ್ನೂ ಕಷ್ಟ. ಕಂಬಿ ಅಪ್ಪನ ತೊಡೆಗೆ ತಾಗಿ ನಿಂತುಬಿಡುತ್ತದೆ. ಮಗುವಿನ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಜಾಗ ಖಾಲಿ. ಗಾಡಿ ತಿರುವಿನಲ್ಲಿ ಎಸೆದಾಗ ಅಪ್ಪನ ಕೈಯ ಹಿಡಿತ ಸಾಲುವುದಿಲ್ಲ. ಅಪ್ಪನೂ ಅದೇ ಗಾಡಿಯಲ್ಲಿ, ಅದೇ ವೇಗದಲ್ಲಿ ಹೋಗುತ್ತಿರುತ್ತಾನೆ.

ತಲೆಯ ವಿಷಯವೂ ಇದೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ. ದೊಡ್ಡವರಲ್ಲಿ ಅದು ಹೆಚ್ಚುಕಮ್ಮಿ ಎಂಟರಲ್ಲಿ ಒಂದು ಭಾಗ. ಮೂರು ನಾಲ್ಕರ ಮಗು ಇವೆರಡರ ನಡುವೆ ಇರುತ್ತದೆ. ತಲೆ ಭಾರ, ಕತ್ತಿನ ಸ್ನಾಯು ಎಳಸು. ನಮಗೆ ಮಜಾ ಅನ್ನಿಸುವ ಕುಲುಕಾಟವನ್ನು ಆ ಕತ್ತು ತಡೆಯಬೇಕು. ಅಳತೆ ಕೋಲು ಹಿಡಿದು ನಿಂತ ಆ ಹುಡುಗ “ಇಲ್ಲ ಸಾರ್” ಅಂದಾಗ ಅವನಿಗೆ ಒಂದು ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ.

ಈಗ ಎತ್ತರದ ಮಿತಿಯೇ ಇಲ್ಲದ ಒಂದು ಆಟಕ್ಕೆ ಬರೋಣ. ಜಾರುಬಂಡೆ. ಮಕ್ಕಳ ಆಟಗಳಲ್ಲೇ ಸಾಧು ಅಂತ ನಾವು ತಿಳಿದಿರುವುದು. ಕೆಲವು ವರ್ಷದ ಹಿಂದೆ ಎರಡು ವರ್ಷದ ಹೆಣ್ಣುಮಗುವನ್ನು ಅಪ್ಪ ಎತ್ತಿಕೊಂಡು ಬಂದರು. ಎಲ್ಲೂ ಊತ ಇಲ್ಲ, ಗಾಯ ಇಲ್ಲ. ಆದರೆ ನೆಲಕ್ಕೆ ಇಳಿಸಿದರೆ ಬಲಗಾಲು ಊರುವುದಿಲ್ಲ, ಕಾಲು ಮಡಚಿಕೊಂಡು ಅಪ್ಪನ ಕತ್ತಿಗೆ ಜೋತುಬೀಳುತ್ತಾಳೆ. ಹಿಮ್ಮಡಿಯಿಂದ ಮೇಲಕ್ಕೆ ಮೆತ್ತಗೆ ಬೆರಳು ಒತ್ತುತ್ತಾ ಹೋದೆ. ಮೊಣಕಾಲಿನ ಕೆಳಗೆ ಒಂದು ಜಾಗದಲ್ಲಿ ತುಟಿ ಕಚ್ಚಿದಳು. ಎಕ್ಸ್‌ರೇಯಲ್ಲಿ ಕಾಲಿನ ದೊಡ್ಡ ಮೂಳೆಗೆ ಕೂದಲೆಳೆಯಂಥ ಓರೆ ಬಿರುಕು.

“ಬಿದ್ದಿಲ್ಲ ಡಾಕ್ಟ್ರೇ. ನಾನೇ ತೊಡೆ ಮೇಲೆ ಕೂರಿಸ್ಕೊಂಡು ಜಾರಿದ್ದು” ಅಂದರು. ಅವರ ದನಿ ನಡುಗುತ್ತಿತ್ತು.

ಆಗುವುದು ಹೀಗೆಯೇ. ಮಗು ಒಬ್ಬಳೇ ಜಾರಿದ್ದರೆ, ಚಪ್ಪಲಿ ಅಂಚಿಗೆ ಸಿಕ್ಕಿದ ಕೂಡಲೇ ಅವಳ ಹತ್ತು ಹನ್ನೆರಡು ಕೆಜಿ ಅಲ್ಲೇ ನಿಲ್ಲುತ್ತಿತ್ತು. ತೊಡೆಯ ಮೇಲೆ ಕೂತಿದ್ದಾಗ ಪಾದ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಆದರೆ ಹಿಂದಿರುವ ಎಪ್ಪತ್ತು ಕೆಜಿ ನಿಲ್ಲುವುದಿಲ್ಲ. ಕಾಲು ತಿರುಚಿ ಮೂಳೆ ಬಿರುಕು ಬಿಡುತ್ತದೆ. ಪ್ರೀತಿಯಿಂದ, ಭದ್ರವಾಗಿರಲಿ ಅಂತ ಕೂರಿಸಿಕೊಂಡಿದ್ದೇ ಹೀಗಾಯಿತು ಅಂತ ತಂದೆತಾಯಿಗೆ ಹೇಳುವುದು ನನ್ನ ಕೆಲಸದಲ್ಲಿ ತುಂಬಾ ಕಷ್ಟದ್ದು. ಸಣ್ಣ ಜಾರುಬಂಡೆಯಾದರೆ ಮಗು ತಾನೇ ಜಾರಲಿ, ನೀವು ಪಕ್ಕದಲ್ಲಿ ನಡೆಯಿರಿ. ಒಬ್ಬಳೇ ಜಾರಲು ಆಗದಷ್ಟು ದೊಡ್ಡದಾದರೆ ಅದು ಅವಳ ಜಾರುಬಂಡೆಯಲ್ಲ. ಆ ಮಗು ಕೆಲವು ವಾರಗಳಲ್ಲಿ ಓಡಾಡಿದಳು. ಈ ಬಿರುಕು ಚೆನ್ನಾಗಿ ಕೂಡಿಕೊಳ್ಳುತ್ತದೆ.

ಇನ್ನು ನೀರು. ನನಗೆ ನಿಜಕ್ಕೂ ಭಯ ಇರುವುದು ಇಲ್ಲಿ. ನೀರಿನಲ್ಲಿ ಮುಳುಗಿ ಸಾಯುವವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಳುಗುವ ಮಗು ಕೈ ಬೀಸುವುದಿಲ್ಲ, ಕೂಗುವುದಿಲ್ಲ. ಕೂಗಲು ಉಸಿರು ಬೇಕಲ್ಲ. ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ ಎರಡು ವರ್ಷದ ಮಗುವಿಗೆ ಆ ಭಾರದ ತಲೆಯನ್ನು ಎತ್ತಲು ಆಗುವುದಿಲ್ಲ. ಅದಕ್ಕೆ ಮೊಣಕಾಲುದ್ದದ ನೀರೂ ಬೇಕಿಲ್ಲ, ಒಂದು ಗೇಣು ಸಾಕು. ಸುತ್ತ ಹಾಡು, ಕಿರುಚಾಟ. ಅದರ ನಡುವೆ ಸದ್ದಿಲ್ಲದೆ ನಡೆದುಹೋಗುತ್ತದೆ.

ವಿಚಿತ್ರ ಅಂದರೆ, ಮನೆಮಂದಿ ಎಲ್ಲ ಸೇರಿ ಹೋದಾಗಲೇ ಇದರ ಅಪಾಯ ಜಾಸ್ತಿ. ಅಮ್ಮ ಅಪ್ಪನ ಹತ್ತಿರ ಇದೆ ಅಂದುಕೊಂಡಿರುತ್ತಾಳೆ, ಅಪ್ಪ ಚಿಕ್ಕಪ್ಪನ ಹತ್ತಿರ ಅಂದುಕೊಂಡಿರುತ್ತಾನೆ, ಚಿಕ್ಕಪ್ಪ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ವಿಡಿಯೋ ತೆಗೆಯುತ್ತಿರುತ್ತಾನೆ. ಅದಕ್ಕೇ ನಾನು ಹೇಳುವುದು: ಒಂದು ಹೊತ್ತಿಗೆ ಒಬ್ಬರು. ಅವರ ಕೈಯಲ್ಲಿ ಫೋನ್ ಇರಬಾರದು. ಮಗು ಅವರ ಕೈಯಳತೆಯಲ್ಲೇ ಇರಬೇಕು. ಬದಲಾಯಿಸುವಾಗ ಬಾಯಿಬಿಟ್ಟು ಹೇಳಬೇಕು. “ಈಗ ನೀನು ನೋಡ್ಕೋ.” “ಹ್ಞೂಂ, ನಾನು ನೋಡ್ಕೋತೀನಿ.” ಉತ್ತರ ಬರುವ ತನಕ ಆ ಜಾಗ ಬಿಡಬೇಡಿ. ತೋಳಿಗೆ ಕಟ್ಟುವ ಗಾಳಿಚೀಲವನ್ನು ನಂಬಬೇಡಿ, ಅದು ಆಟದ ಸಾಮಾನು. ವೇವ್ ಪೂಲಿನಲ್ಲಿ ಅಲೆ ಬರುವಾಗ ಚಿಕ್ಕ ಮಕ್ಕಳನ್ನು ದಡದಿಂದ ಮುಂದೆ ಕರೆದೊಯ್ಯಲೇಬೇಡಿ. ಜೀವರಕ್ಷಕರು ಇರುತ್ತಾರೆ ನಿಜ, ಆದರೆ ಅವರಿಗೆ ನೂರು ತಲೆ, ನಿಮಗೆ ಒಂದೇ.

ಬಟ್ಟೆಯ ಬಣ್ಣವೂ ಮುಖ್ಯ. ನೀಲಿ ಕೊಳದಲ್ಲಿ ನೀಲಿ ಬಟ್ಟೆಯ ಮಗು ಕಾಣುವುದೇ ಇಲ್ಲ. ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಹಾಕಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಪಾರ್ಕಿನವರು ನೈಲಾನ್ ಕೇಳುವುದು ಸುಮ್ನೆ ಅಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಹೊರಗೆ ಕರೆದು ಒರೆಸಿ, ತುಟಿ ನೋಡಿ. ತುಟಿ ನೀಲಿಗಟ್ಟಿ, ಹಲ್ಲು ಕಟಕಟ ಅನ್ನುತ್ತಿದ್ದರೆ ಅವತ್ತಿನ ನೀರಾಟ ಮುಗಿಯಿತು. ಬೆಂಗಳೂರಿನ ಡಿಸೆಂಬರ್, ಜನವರಿಯಲ್ಲಿ ಇದು ಹತ್ತೇ ನಿಮಿಷದಲ್ಲಿ ಆಗಬಹುದು. ಮತ್ತೆ, ಭೇದಿ ಆಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಬೇಡಿ. ಕ್ಲೋರಿನ್‌ಗೂ ಬಗ್ಗದ ರೋಗಾಣುಗಳಿವೆ. ನೀರಿನ ಡೈಪರ್ ಅವನ್ನು ತಡೆಯುವುದಿಲ್ಲ. ನಿಮ್ಮ ಮಗುವಿನಿಂದ ಇನ್ನೊಬ್ಬರ ಮಗುವಿಗೆ ಬರುವುದು ಬೇಡ.

ದಾರಿಯ ತಿಂಡಿಗೆ ಬರುತ್ತೇನೆ. ಬಿಡದಿ ಕಡೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಇರಿ ಅಂತ ನಾನು ಹೇಳಲಾರೆ. ಮಗುವಿಗೆ ಬೆಣ್ಣೆ ಕಮ್ಮಿ ಮಾಡಿ ಅರ್ಧ ಕೊಡಿ, ವಡೆ ಬೇಡ. ಬಸ್ಸಲ್ಲಿ, ಗಿರಕಿ ಆಟದಲ್ಲಿ ವಾಂತಿಯಾಗುವ ತೊಂದರೆ ಎರಡು ವರ್ಷದೊಳಗೆ ಅಪರೂಪ. ಜೋರಾಗಿರುವುದು ಆರರಿಂದ ಹನ್ನೆರಡರಲ್ಲಿ. ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಖಾಲಿ ಹೊಟ್ಟೆಯೂ ಆಗದು, ತುಂಬಿದ ಹೊಟ್ಟೆಯೂ ಆಗದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ವಾಂತಿ ಮಾತ್ರೆ ಕೊಡಬೇಡಿ. ಕೆಲವು ಮಾತ್ರೆಗಳಿಂದ ಮಗು ದಿನವಿಡೀ ತೂಕಡಿಸುತ್ತದೆ.

ಬಿಸಿಲಿನಲ್ಲಿ ಆಡುವ ಮಗು ನೀರು ಕೇಳುವುದಿಲ್ಲ, ಆಟ ಬಿಡಬೇಕಾಗುತ್ತದೆ ಅಂತ. ಕೇಳುವ ತನಕ ಕಾಯಬೇಡಿ. ನೀರು, ಮಜ್ಜಿಗೆ, ಎಳನೀರು, ಯಾವುದಾದರೂ ಸರಿ. ಸುಸು ಕಡೆ ಗಮನವಿರಲಿ. ಐದಾರು ಗಂಟೆ ಆಗಿಲ್ಲ ಅಂದರೆ, ಅಥವಾ ಗಾಢ ಹಳದಿ ಬಂದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತಲೇ ಅರ್ಥ. ಒಆರ್‌ಎಸ್, ಅಂದರೆ ವಾಂತಿ ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿಹಿ ಜ್ಯೂಸಿನಂಥ ಪಾನೀಯಗಳು ಒಆರ್‌ಎಸ್ ಅಂತ ಹೆಸರು ಹಾಕಿಕೊಂಡು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಿತು. ಪೊಟ್ಟಣದ ಪುಡಿಯನ್ನೇ ಕೊಳ್ಳಿ. ಎರಡನೇ ಮಾತು ಅಳತೆಯದು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದವರನ್ನು ನೋಡಿದ್ದೇನೆ. ಗಟ್ಟಿಯಾದರೆ ಶಕ್ತಿ ಜಾಸ್ತಿ ಅಂತ ಅವರ ನಂಬಿಕೆ. ಹಾಗೆ ಮಾಡಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ಮಗುವಿಗೆ ಫಿಟ್ಸ್ ಬರಬಹುದು. ಪೊಟ್ಟಣದ ಮೇಲೆ 200 ಮಿಲಿ ಅಂತಿದ್ದರೆ 200, ಒಂದು ಲೀಟರ್ ಅಂತಿದ್ದರೆ ಪೂರ್ತಿ ಒಂದು ಲೀಟರ್.

ಹೆಚ್ಚಿನ ಕಡೆ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಎಳೆ ಮಕ್ಕಳ ಊಟಕ್ಕೆ ಏನು ವ್ಯವಸ್ಥೆ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಹೆದರಿಕೆಯ ಬಗ್ಗೆ ಯಾರೂ ನನ್ನನ್ನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ದೊಡ್ಡ ತಲೆಯ ಕರಡಿ ವೇಷದವರು ಬಂದು ಕೈ ಚಾಚುತ್ತಾರೆ. ಎರಡು ಮೂರು ವರ್ಷದ ಮಗು ಮುಖ ನೋಡಿಯೇ ಜನರನ್ನು ಅಳೆಯುತ್ತದೆ. ಕಣ್ಣು ಮಿಟುಕಿಸದ, ತುಟಿ ಅಲ್ಲಾಡಿಸದ ಮುಖವೊಂದು ನಡೆದು ಬಂದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. “ಒಳಗೆ ಅಂಕಲ್ ಇದ್ದಾರೆ ಪುಟ್ಟ” ಅಂದರೂ ನಂಬುವ ವಯಸ್ಸಲ್ಲ. ಆಗ ಫೋಟೋಕ್ಕೆ ಅಂತ ಬಲವಂತವಾಗಿ ಅವರ ಕೈಗೆ ಕೊಡಬೇಡಿ. ದೂರದಿಂದ ಟಾಟಾ ಮಾಡಿಸಿ ಸಾಕು. ಕತ್ತಲ ಗುಹೆಯ ಆಟವೂ ಅಷ್ಟೇ. ಒಂದು ವಾರ ರಾತ್ರಿ ಬೆಚ್ಚಿ ಎದ್ದು ಕೂತ ಮಕ್ಕಳನ್ನು ಕರೆದುಕೊಂಡು ತಾಯಂದಿರು ಬಂದಿದ್ದಾರೆ.

ಬೆಳಗ್ಗೆ ಗೇಟಿನಲ್ಲೇ ಮಗುವಿನದೊಂದು ಫೋಟೋ ತೆಗೆಯಿರಿ. ಕಳೆದುಹೋದರೆ ಯಾವ ಬಟ್ಟೆ ಹಾಕಿತ್ತು ಅಂತ ಗಾಬರಿಯಲ್ಲಿ ನೆನಪಾಗುವುದಿಲ್ಲ. ನಿಮ್ಮ ಮೊಬೈಲ್ ನಂಬರನ್ನು ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ನೀರಿಗೆ ಅಳಿಸಿದರೆ ಮತ್ತೆ ಬರೆಯಿರಿ.

ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ, ಮೊಸರನ್ನ, ನಿದ್ದೆ. ಕಿವಿ ಮುಟ್ಟಿದರೆ ನೋವು ಅಂದರೆ ಎಣ್ಣೆ ಬಿಡಬೇಡಿ, ತೋರಿಸಿ. ಒಂದೆರಡು ದಿನದಲ್ಲಿ ಸಣ್ಣಗೆ ಭೇದಿಯಾದರೆ ಗಾಬರಿ ಬೇಡ, ಒಆರ್‌ಎಸ್ ಕೊಡುತ್ತಾ ನೋಡಿ. ಆದರೆ ನೀರಿನಲ್ಲಿ ಮುಳುಗಿ ಎತ್ತಿದ ಮಗು, ಆಗ ಕೆಮ್ಮಿ ಸರಿಹೋಯಿತು ಅನ್ನಿಸಿದರೂ, ಅವತ್ತು ರಾತ್ರಿ ನಿಮ್ಮ ಪಕ್ಕದಲ್ಲೇ ಮಲಗಲಿ. ಕೆಮ್ಮು ನಿಲ್ಲದೆ, ಉಸಿರು ಜೋರಾಗಿ, ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಅಥವಾ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.