ಕಲಿಯೋ ಹುಡುಗರೇ ಆಪರೇಷನ್ ಮಾಡ್ತಾರಂತೆ, ಹೌದಾ?

ಪ್ರಶ್ನೆ: ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆ ಎಲುಬು ಮುರಿದಿದೆ. ಗದಗಿನಿಂದ ಹುಬ್ಬಳ್ಳಿಗೆ ಕರ್ಕೊಂಡು ಹೋಗಬೇಕು ಅಂತಿದ್ದೇವೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಬೇಡ, ಅಲ್ಲಿ ಕಲಿಯೋ ಹುಡುಗರೇ ಆಪರೇಷನ್ ಮಾಡ್ತಾರೆ, ಪ್ರೊಫೆಸರ್ ಬರೀ ಪಾಠ ಹೇಳ್ತಾರೆ ಅಂತ ನೆಂಟರು ಹೆದರಿಸ್ತಿದ್ದಾರೆ. ನಿಜಾನಾ?

ಅರ್ಧ ನಿಜ. ಕಲಿಯುವವರು ಅಲ್ಲಿ ಇರುತ್ತಾರೆ, ಕೈಯನ್ನೂ ಹಾಕುತ್ತಾರೆ. ಆದರೆ ಆ 'ಹುಡುಗರು' ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್ ಮುಗಿಸಿದ ಡಾಕ್ಟರುಗಳು. ನೀಟ್ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆದು, 3 ವರ್ಷದ ಎಂಎಸ್ ಆರ್ಥೋಪೆಡಿಕ್ಸ್‌ಗೆ, ಅಂದರೆ ಎಲುಬಿನ ಆಪರೇಷನ್ ಕಲಿಯೋ ಕೋರ್ಸಿಗೆ ಸೇರಿದವರು. ಇವರನ್ನೇ ಪಿಜಿ ಅನ್ನೋದು. ಮೊದಲ ವರ್ಷ ಅವರ ಕೈಗೆ ಯಾರೂ ಚಾಕು ಕೊಟ್ಟು ಹೊರಗೆ ಹೋಗುವುದಿಲ್ಲ. ವಾರ್ಡು, ಎಕ್ಸ್‌ರೇ, ಡ್ರೆಸಿಂಗ್, ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ಗಂಟೆಗಟ್ಟಲೆ ಕಾಲು ಹಿಡಿದು ನಿಲ್ಲುವುದು. ಮತ್ತೆ ಪ್ಲಾಸ್ಟರ್.

ಪ್ಲಾಸ್ಟರ್ ಅಂದಾಗ ನೆನಪಾಯ್ತು. ಬೈಕಿನಿಂದ ಬಿದ್ದು ನನ್ನ ಮಣಿಕಟ್ಟು ಮುರಿದಿತ್ತು. ಒಬ್ಬ ಪಿಜಿ ನನ್ನ ಬೆರಳು ಹಿಡಿದು ಎಳೆದರೆ, ಇನ್ನೊಬ್ಬ ಮೊಣಕೈ ಹತ್ತಿರ ಹಿಡಿದು ಆಚೆಗೆ ಎಳೆಯುತ್ತಿದ್ದ. ಎಲುಬು ಕೂತ ಮೇಲೆ ಒದ್ದೆ ಪ್ಲಾಸ್ಟರ್ ಸುತ್ತಿದರು. ಅದು ಗಟ್ಟಿಯಾಗುತ್ತಾ ಬೆಚ್ಚಗಾಗುತ್ತೆ, ಗಾಬರಿಯಾಗಬೇಡಿ. ಹಿಂದೆ ನಿಂತಿದ್ದ ಸರ್ ಹೇಳಿದ್ದು ಒಂದೇ ಮಾತು: 'ಬೆರಳತುದಿ ಬೇಡ, ಅಂಗೈ.' ಬೆರಳಿನಿಂದ ಒತ್ತಿದರೆ ಪ್ಲಾಸ್ಟರಿನಲ್ಲಿ ಕುಳಿ ಬೀಳುತ್ತೆ, ಒಳಗೆ ಅಲ್ಲೇ ಚರ್ಮ ಹುಣ್ಣಾಗುತ್ತೆ. ಆಮೇಲೆ ನನ್ನ ಉಗುರು ಒತ್ತಿ ಬಿಟ್ಟು, ಕೆಂಪು ವಾಪಸ್ ಬರೋದನ್ನ ಆ ಪಿಜಿಗೆ ತೋರಿಸಿದರು. ರಕ್ತ ಓಡಾಡ್ತಿದೆ ಅನ್ನೋದಕ್ಕೆ ಅದೇ ಗುರುತು. ರಾತ್ರಿ ನೋವು ಏರುತ್ತಾ ಹೋದರೆ ಬೆಳಗಿನವರೆಗೆ ಕಾಯಬೇಡಿ, ಆಗಲೇ ಬನ್ನಿ ಅಂದರು. ಒಳಗೆ ಬಾವು ಬಂದು ರಕ್ತ ಓಡಾಡದಿದ್ದರೆ ಪ್ಲಾಸ್ಟರ್ ಸೀಳಬೇಕಾಗುತ್ತೆ.

ಹೀಗೇ ಮೆಟ್ಟಿಲು ಹತ್ತುವುದು. ನೋಡು, ಹಿಡಿ, ನನ್ನೆದುರು ಮಾಡು. ಜೊತೆಗೆ ಥೀಸಿಸ್ ಬೇರೆ. ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಕೆಲಸವೂ ಇದೆ.

ಇನ್ನು ಪ್ರೊಫೆಸರ್ ವಿಷಯ. ಪ್ರೊಫೆಸರ್ ಅಂದ ಕೂಡಲೇ ನಮಗೆ ಚಾಕ್‌ಪೀಸ್ ಹಿಡಿದವರೇ ಕಣ್ಣಿಗೆ ಬರುತ್ತಾರೆ. ಧಾರವಾಡ ಪಕ್ಕದಲ್ಲಿದ್ದರೆ ಹಾಗೇ ಆಗೋದು! ಎಲುಬಿನ ಪ್ರೊಫೆಸರ್‌ಗೆ ಪಾಠದಷ್ಟೇ ಓಟಿಯೂ ಕೆಲಸ. ಎಂಎಸ್ ಆದಮೇಲೆ 1 ವರ್ಷ ಸೀನಿಯರ್ ರೆಸಿಡೆಂಟ್, ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್. ಅಲ್ಲಿ 4 ವರ್ಷ ದುಡಿದು, ಸಂಶೋಧನಾ ಲೇಖನ ಪ್ರಕಟಿಸಿದರೆ ಅಸೋಸಿಯೇಟ್. ಇನ್ನೂ 3 ವರ್ಷಕ್ಕೆ ಪ್ರೊಫೆಸರ್. 18ಕ್ಕೆ ಮೆಡಿಕಲ್ ಸೇರಿ, ಎಲ್ಲೂ ಎಡವದೆ ಬಂದರೂ 34 ದಾಟಿರುತ್ತೆ. ಅಷ್ಟೂ ವರ್ಷ ಆಪರೇಷನ್ ಮಾಡುತ್ತಲೇ ಇರುತ್ತಾರೆ. ಲೇಖನ ಬರೆಯೋದು, ಪಿಜಿಗಳ ಥೀಸಿಸ್ ತಿದ್ದೋದು ಸಾಮಾನ್ಯವಾಗಿ ರಾತ್ರಿ.

ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1957ರಲ್ಲಿ. ನಾವು ಇವತ್ತಿಗೂ ಕಿಮ್ಸ್ ಅನ್ನೋದು ಅದನ್ನೇ. ನೀವು ನಂಬುವ ಖಾಸಗಿ ಡಾಕ್ಟರ್ ಕೂಡ ಇಂಥದ್ದೇ ಒಂದು ಓಟಿಯಲ್ಲಿ, ಯಾರದೋ ಅವ್ವನ ಕಾಲು ಹಿಡಿದು ಕಲಿತವರು, ಅಲ್ವಾ?

ನಾನಾಗಿದ್ದರೆ ಎಲ್ಲಿಗೆ ಅನ್ನೋದಕ್ಕಿಂತ ಯಾವತ್ತು ಅನ್ನೋದರ ಬಗ್ಗೆ ಜಾಸ್ತಿ ಚಿಂತೆ ಮಾಡ್ತಿದ್ದೆ. ವಯಸ್ಸಾದವರಿಗೆ ಸೊಂಟದ ಹತ್ತಿರ ತೊಡೆ ಎಲುಬು ಮುರಿದರೆ, ಆದಷ್ಟು ಒಂದೆರಡು ದಿನದೊಳಗೆ ಆಪರೇಷನ್ ಆಗೋದು ಒಳ್ಳೇದು. ಮಲಗಿದಷ್ಟೂ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ. ಗದಗಿನಲ್ಲೇ ಈಗ ಮೆಡಿಕಲ್ ಕಾಲೇಜಿದೆ, ಅಲ್ಲೂ ಕೇಳಿ. ಎಲ್ಲಿಗೆ ಹೋದರೂ ಸುಮ್ನೆ ಸಹಿ ಹಾಕಬೇಡಿ. 'ಸರ್, ಆಪರೇಷನ್ ಯಾರು ಮಾಡ್ತಾರೆ? ನೀವು ಟೇಬಲ್ ಹತ್ತಿರ ಇರ್ತೀರಾ?' ಅಂತ ನೇರ ಕೇಳಿ. ಅದರಲ್ಲಿ ಅಗೌರವ ಏನೂ ಇಲ್ಲ. ಅವ್ವ ನುಂಗುವ ಬಿಪಿ, ಸಕ್ಕರೆ ಗುಳಿಗೆಗಳನ್ನು ಚೀಟಿ ಸಮೇತ ಒಯ್ಯಿರಿ. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಹೋದ ಕೂಡಲೇ ಅದನ್ನೇ ಮೊದಲು ಹೇಳಿ.